ಪುಲಿಟ್ಜರ್ ಸೆಂಟರ್
ಗಡಿಯಾಚೆಗಿನ ವರದಿಗಾರಿಕೆಗೆ ಧನಸಹಾಯ ನೀಡುವ, ವಾಷಿಂಗ್ಟನ್ ನಗರದ ಲಾಭರಹಿತ ಸಂಸ್ಥೆ. ಅಮೆರಿಕದ ಪತ್ರಿಕೆಗಳು ವಿದೇಶಿ ಕಚೇರಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದಾಗ, 2006ರಲ್ಲಿ ಪತ್ರಕರ್ತ ಜಾನ್ ಸಾಯರ್ ಇದನ್ನು ಸ್ಥಾಪಿಸಿದರು. ಪುಲಿಟ್ಜರ್ ಪ್ರಶಸ್ತಿ ಮಂಡಳಿಗಿಂತ ಇದು ಬೇರೆ. ವರದಿಗಾರರು ವಿಷಯ, ಅಂದಾಜು ವೆಚ್ಚ, ಪ್ರಕಟಣೆಯ ಯೋಜನೆ ತಿಳಿಸಿ ಅರ್ಜಿ ಹಾಕಬೇಕು. ಆಯ್ಕೆಯಾದರೆ ಪ್ರಯಾಣ, ದುಭಾಷಿ ಮೊದಲಾದ ಖರ್ಚಿಗೆ ಹಣ ಸಿಗುತ್ತದೆ. ಸುದ್ದಿಮನೆಗಳು ಸುಲಭವಾಗಿ ಕೈಬಿಡುವ ಈ ಖರ್ಚಿಲ್ಲದೆ ದೂರದ ಯುದ್ಧಗಳ ನಿಜ ಹೊರಬರುವುದು ಕಷ್ಟ. ಯೆಮೆನ್ ಯುದ್ಧದಲ್ಲಿ ನಡೆದ ಚಿತ್ರಹಿಂಸೆ, ಆಹಾರ ನೆರವಿನ ಕಳವನ್ನು ಬಯಲಿಗೆಳೆದು 2019ರ ಪುಲಿಟ್ಜರ್ ಪ್ರಶಸ್ತಿ ಗಳಿಸಿದ ಅಸೋಸಿಯೇಟೆಡ್ ಪ್ರೆಸ್ ವರದಿಗಳಿಗೂ ಸಂಸ್ಥೆಯ ನೆರವಿತ್ತು. ಅಮೆಜಾನ್, ಕಾಂಗೋ, ಆಗ್ನೇಯ ಏಷ್ಯಾದ ಮಳೆಕಾಡುಗಳ ವರದಿಗಾರಿಕೆಗೆ 2018ರಲ್ಲಿ ನಾರ್ವೆಯ ಬೆಂಬಲದಿಂದ ಪ್ರತ್ಯೇಕ ನಿಧಿ ಆರಂಭವಾಯಿತು. ಅನುದಾನ ಪಡೆದ ಪತ್ರಕರ್ತರು ಶಾಲೆ, ಕಾಲೇಜುಗಳಿಗೂ ಹೋಗಿ ತಾವು ಕಂಡದ್ದನ್ನು ವಿದ್ಯಾರ್ಥಿಗಳಿಗೆ ವಿವರಿಸುತ್ತಾರೆ.