ಸಮುದ್ರಗುಪ್ತನ ಹೊನ್ನ ನಾಣ್ಯಗಳಲ್ಲಿ ರಾಜಚಿಹ್ನೆಗಳು

ಗುಪ್ತವಂಶದ ಸಮುದ್ರಗುಪ್ತನು ಕ್ರಿ. ಶ. ಸುಮಾರು 335ರಿಂದ 375ರ ವರೆಗೆ ರಾಜ್ಯವಾಳಿದನು. ಅವನ ಹೊನ್ನ ನಾಣ್ಯಗಳ ಪ್ರತಿಮೆಗಳಿಂದ ಅವನ ಮುಖಲಕ್ಷಣವನ್ನು ನಿರ್ಣಯಿಸಹೊರಟವರಿಗೆ ದೊರೆಯುವ ಫಲವು ಅಲ್ಪವೇ ಸರಿ. ಆ ಸಣ್ಣ ಬಿಲ್ಲೆಯಲ್ಲಿ ಅಚ್ಚು ಕೊರೆದ ಶಿಲ್ಪಿಯು ಅರಸನ ಗುರುತನ್ನು ಮುಖದಲ್ಲಿರಿಸದೆ, ಅವನ ಕೈಯ ವಸ್ತುವಿನಲ್ಲಿಯೂ ಪಕ್ಕದಲ್ಲಿ ಕೆತ್ತಿದ ಅಕ್ಷರಗಳಲ್ಲಿಯೂ ಇರಿಸಿರುವನು.

ಇವುಗಳಲ್ಲಿ ಹೆಚ್ಚಾಗಿ ದೊರೆಯುವುದು ಧ್ವಜದ ಮಾದರಿಯು. ಅರಸನು ನಿಲುವಂಗಿ ಷರಾಯಿಗಳನ್ನು ತೊಟ್ಟು, ಎಡಗೈಯಲ್ಲಿ ದಂಡವನ್ನು ಹಿಡಿದು, ಬಲಗೈಯಿಂದ ವೇದಿಯಲ್ಲಿ ಧೂಪವನ್ನು ಅರ್ಪಿಸುತ್ತಿರುವನು. ಈ ಉಡುಪೂ ಭಂಗಿಯೂ ಕುಷಾಣರ ನಾಣ್ಯಗಳಿಂದ ಬಂದವು. ಹಿಂಬದಿಯ ದೇವಿಯ ಕೈಯಲ್ಲಿರುವ ಸಮೃದ್ಧಿಯ ಕೊಂಬೂ ಅಲ್ಲಿಯದೇ. ಆದರೆ ಅರಸನ ಮುಂದಿರುವ ಗರುಡಧ್ವಜವು ಗುಪ್ತರದು. ಸಾಮಂತರಾದ ರಾಜರು ತಮ್ಮ ನಾಡುಗಳನ್ನನುಭವಿಸಲು ಗರುಡಮುದ್ರೆಯ ಶಾಸನಗಳನ್ನು ಬೇಡಿದರೆಂದು ಹರಿಷೇಣನ ಪ್ರಯಾಗಪ್ರಶಸ್ತಿಯು ಹೇಳುವುದು. ಹೀಗೆ ಎರವಲು ತಂದ ಚೌಕಟ್ಟಿನೊಳಗೆ ಸ್ವಂತ ಅಧಿಕಾರದ ಮುದ್ರೆಯನ್ನು ಒತ್ತಿದಂತಾಯಿತು.

ಬೇರೆ ಮಾದರಿಗಳಲ್ಲಿ ಬಿಲ್ಲು, ಪರಶುಗಳು ಅವನ ಶೌರ್ಯವನ್ನು ಸಾರುತ್ತವೆ. ಹುಲಿಯನ್ನು ಕೊಲ್ಲುವ ಮಾದರಿಯಲ್ಲಿ ಪರದೇಶದ ಉಡುಪು ಮರೆಯಾಗಿ ಧೋತ್ರವೂ ಪೇಟವೂ ಕಾಣುತ್ತವೆ. ಹಿಂಬದಿಯಲ್ಲಿ ಮಕರವಾಹಿನಿಯಾದ ಗಂಗೆಯಿರುವಳು.

ಅಶ್ವಮೇಧದ ನಾಣ್ಯದಲ್ಲಾದರೋ ಅರಸನ ಪ್ರತಿಮೆಯೇ ಇಲ್ಲ. ಯೂಪದ ಮುಂದೆ ನಿಂತ ಕುದುರೆಯೇ ಅರಸನಿಗೆ ಪ್ರತಿನಿಧಿ. ಹಿಂಬದಿಯಲ್ಲಿ ಚಾಮರ ಹಿಡಿದ ಮಹಿಷಿಯಿರುವಳು. ಪ್ರಯಾಗಪ್ರಶಸ್ತಿಯಲ್ಲಿ ಈ ಯಾಗದ ಪ್ರಸ್ತಾಪವಿಲ್ಲವಾದುದರಿಂದ ಈ ನಾಣ್ಯದ ಸಾಕ್ಷ್ಯವು ಅಮೂಲ್ಯವಾದುದು. ಬಹುಕಾಲದಿಂದ ನಿಂತುಹೋಗಿದ್ದ ಅಶ್ವಮೇಧವನ್ನು ಅವನು ಮರಳಿ ನಡೆಸಿದನೆಂದು ವಂಶಜರ ಶಾಸನಗಳು ಹೊಗಳುತ್ತವೆ. ವಾಕಾಟಕರ ಮೊದಲನೆಯ ಪ್ರವರಸೇನನು ಅದಕ್ಕೆ ಮುಂಚೆಯೇ ನಾಲ್ಕು ಅಶ್ವಮೇಧಗಳನ್ನು ಮಾಡಿದನೆಂದು ಆ ವಂಶದ ಶಾಸನಗಳಲ್ಲಿರುವುದರಿಂದ, ಈ ಹೊಗಳಿಕೆಯಲ್ಲಿ ಅತಿಶಯೋಕ್ತಿಯುಂಟು. ಯಾಗ ನಡೆದುದಕ್ಕೆ ನಾಣ್ಯವು ಪ್ರಮಾಣ, 'ಬಹುಕಾಲ'ಕ್ಕೆ ಪ್ರಮಾಣವಲ್ಲ.

ಎಲ್ಲಕ್ಕಿಂತ ವಿಲಕ್ಷಣವಾದುದು ವೀಣೆಯ ಮಾದರಿ. ಇಲ್ಲಿ ಆಯುಧವಿಲ್ಲ, ಧ್ವಜವಿಲ್ಲ. ಅರಸನು ಮಂಚದ ಮೇಲೆ ಕುಳಿತು ತೊಡೆಯಲ್ಲಿ ವೀಣೆಯನ್ನಿಟ್ಟು ನುಡಿಸುತ್ತಿರುವನು. ಆದರೂ ಸುತ್ತಲಿನ ಬರಹದಲ್ಲಿ ಮಹಾರಾಜಾಧಿರಾಜ ಎಂಬ ಬಿರುದನ್ನು ಬಿಟ್ಟಿಲ್ಲ. ಸಂಗೀತದಲ್ಲಿ ಅವನು ತುಂಬುರು ನಾರದರನ್ನು ನಾಚಿಸಿದನೆಂಬ ಪ್ರಶಸ್ತಿಯ ಮಾತಿಗೆ ಇದು ಸಂವಾದಿಯಾಗಿದೆ. ಶಸ್ತ್ರದ ಮಾತು ಮುಗಿದವನಿಗೆ ಮಾತ್ರ ಹೀಗೆ ನಿರಾಯುಧನಾಗಿ ಕಾಣಿಸಿಕೊಳ್ಳುವುದು ಸಾಧ್ಯ. ಆದುದರಿಂದ ವೀಣೆಯೂ ಇಲ್ಲಿ ರಾಜಚಿಹ್ನೆಯೇ.

ಆದಕಾರಣ ಈ ನಾಣ್ಯಗಳನ್ನು ಭಾವಚಿತ್ರಗಳೆಂದು ನೋಡುವುದಕ್ಕಿಂತ ಲೋಹದಲ್ಲಿ ಸಂಕ್ಷೇಪಿಸಿದ ಪ್ರಶಸ್ತಿಗಳೆಂದು ಓದುವುದು ಯುಕ್ತ. ಶಿಲಾಪ್ರಶಸ್ತಿಯಂತೆಯೇ ಇವುಗಳಲ್ಲಿಯೂ ನಡೆದ ಸಂಗತಿಯನ್ನೂ ಅರಸನ ಹೆಮ್ಮೆಯನ್ನೂ ಬೇರ್ಪಡಿಸಿ ಗ್ರಹಿಸಬೇಕು.