ಮಾತ್ರೆ ಕೊಡುವವರ ಎಲ್ಲೆ

ನಮ್ಮೂರಿನಲ್ಲಿ ನರ್ಸಿಂಗ್ ಹೋಂ ಎಂದರೆ ಹೆರಿಗೆ, ಅಪೆಂಡಿಕ್ಸ್ ಆಪರೇಷನ್ ಆಗುವ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದು ಕೈಲಾಗದ ವಯಸ್ಸಾದವರು ವರ್ಷಗಟ್ಟಲೆ ಉಳಿಯುವ ಮನೆ. ಇಂಥ ಮನೆಗಳು ಇಲ್ಲಿ ಹೆಚ್ಚಿದ್ದು 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್, ಮೆಡಿಕೇಡ್ ಕಾಯಿದೆಗೆ ಸಹಿ ಹಾಕಿದ ಮೇಲೆ. ಸರ್ಕಾರದ ದುಡ್ಡು ಬಂತು, ಹಾಸಿಗೆಗಳು ಹೆಚ್ಚಿದವು, ನರ್ಸುಗಳು ಸಾಲಲಿಲ್ಲ. ಮಾತ್ರೆ ಹಂಚುವ ಕೆಲಸ ಎಷ್ಟೋ ಕಡೆ ತರಬೇತಿಯಿಲ್ಲದವರ ಕೈಗೆ ಬಿತ್ತು. 1975ರ ಜನವರಿಯಲ್ಲಿ ಸೆನೆಟರ್ ಫ್ರಾಂಕ್ ಮಾಸ್ ಅವರ ಉಪಸಮಿತಿ ಈ ಮನೆಗಳ ಔಷಧ ವ್ಯವಹಾರದ ಮೇಲೆಯೇ ಒಂದು ವರದಿ ತಂದಿತು. ದುರ್ಬಳಕೆ, ದುಬಾರಿ ಬೆಲೆ, ಕಮಿಷನ್ ಮೂರೂ ಅದರ ಶೀರ್ಷಿಕೆಯಲ್ಲೇ ಇದ್ದವು.

ರಾಜ್ಯಗಳು ಕಂಡುಕೊಂಡ ನಡುದಾರಿಯೇ ‘ಮೆಡಿಕೇಶನ್ ಏಡ್’ ಎಂಬ ಹುದ್ದೆ. 1987ರ ಫೆಡರಲ್ ಸುಧಾರಣೆ ನರ್ಸ್ ಏಡ್‌ಗಳಿಗೆ ಕನಿಷ್ಠ 75 ಗಂಟೆಗಳ ತರಬೇತಿಯನ್ನು ಕಡ್ಡಾಯ ಮಾಡಿತಾದರೂ ಮಾತ್ರೆ ಕೊಡುವವರ ವಿಷಯವನ್ನು ರಾಜ್ಯಗಳಿಗೇ ಬಿಟ್ಟಿತು. ನಾನಿರುವ ಟೆಕ್ಸಸ್‌ನಲ್ಲಿ ಇದಕ್ಕೆ 140 ಗಂಟೆಗಳ ಕೋರ್ಸ್, ಪರೀಕ್ಷೆ, ಪರ್ಮಿಟ್ ಎಲ್ಲ ಉಂಟು. ಅಷ್ಟಾದ ಮೇಲೂ ಇಂಜೆಕ್ಷನ್ ಕೊಡುವಂತಿಲ್ಲ. ಹೊಸ ಔಷಧದ ಮೊದಲ ಡೋಸ್ ಕೊಡುವಂತಿಲ್ಲ, ಡೋಸಿನ ಲೆಕ್ಕ ಹಾಕುವಂತಿಲ್ಲ, ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳುವಂತಿಲ್ಲ. ಮಾತ್ರೆ ಪುಡಿ ಮಾಡಲೂ ನರ್ಸಿನ ಒಪ್ಪಿಗೆ ಬೇಕು. ದಿನವಿಡೀ ನಿಧಾನವಾಗಿ ಕರಗಬೇಕಾದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ರಕ್ತ ಸೇರುತ್ತದೆ. ಮಿಕ್ಸ್ಚರ್ ಬೆರೆಸಿ, ಸೂಜಿಯನ್ನೂ ಚುಚ್ಚುತ್ತಿದ್ದ ನಮ್ಮ ಕಡೆಯ ಕಾಂಪೌಂಡರುಗಳು ಇದನ್ನೆಲ್ಲ ಕೇಳಿದ್ದರೆ ನಕ್ಕುಬಿಡುತ್ತಿದ್ದರು.

ಜಗಳ ಹುಟ್ಟುವುದು ‘ಬೇಕಾದಾಗ ಕೊಡಿ’ ಎಂದು ಬರೆದಿಟ್ಟ ಮಾತ್ರೆಗಳ ಬಗ್ಗೆ. ನನಗೆ ಪರಿಚಯದ ಕನ್ನಡದ ಅಜ್ಜಿಯೊಬ್ಬರು ಒಂದು ರಾತ್ರಿ ನೋವಿನ ಮಾತ್ರೆ ಕೇಳಿದರು. ನರ್ಸ್ ಒಪ್ಪದೆ ಕೊಡಲಾಗದು ಎಂದಳು ಏಡ್. ‘ಮಾತ್ರೆ ನಿನ್ನ ಗಾಡಿಯಲ್ಲೇ ಇದೆಯಲ್ಲ’ ಎಂದು ಮಗ ರೇಗಿದ. ಅಜ್ಜಿಗೆ ಇಂಗ್ಲಿಷ್ ಬಾರದು. ಉರಿ, ಸೆಳೆತ, ಜೋಮು, ಎದೆ ಹಿಡಿದುಕೊಂಡದ್ದು, ಎಲ್ಲಕ್ಕೂ ಅವರ ಬಳಿ ಇದ್ದದ್ದು ‘ಪೇಯ್ನ್’ ಎಂಬ ಒಂದೇ ಶಬ್ದ. ಅದು ಯಾವ ನೋವು ಎಂದು ತೂಗಿ ನೋಡುವುದು ನರ್ಸಿನ ಕೆಲಸ. 140 ಗಂಟೆಗಳಲ್ಲಿ ಅದನ್ನು ಕಲಿಸಲಾಗದು. ಏಡ್ ನಡೆದುಕೊಂಡದ್ದು ಸರಿಯೆಂದೇ ನನ್ನ ಅಭಿಪ್ರಾಯ. ನನ್ನ ತಕರಾರು ಇರುವುದು ಆಡಳಿತದ ಮೇಲೆ: ಏಡ್‌ಗಳಿದ್ದಾರಲ್ಲ ಎಂದು ರಾತ್ರಿ ಪಾಳಿಯ ನರ್ಸುಗಳನ್ನು ಕಡಿಮೆ ಮಾಡುತ್ತಾರೆ. ಆ ರಾತ್ರಿ ಇಡೀ ವಿಭಾಗಕ್ಕೆ ಇದ್ದದ್ದು ಒಬ್ಬಳೇ ನರ್ಸ್. ಆಕೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿಯವರೆಗೆ ಏಡ್ ಅಜ್ಜಿಯ ಮೊಣಕಾಲಿನ ಕೆಳಗೆ ದಿಂಬಿಟ್ಟು ಪಕ್ಕದಲ್ಲಿ ನಿಂತಿದ್ದಳು.