ಸಾರಾಯಿ ನಿಂತಿತು, ಅಮಲು ಇಳಿಯಲಿಲ್ಲ

ಚಿಕ್ಕಬಳ್ಳಾಪುರ ಸೀಮೆಯ ಇತಿಹಾಸದಲ್ಲಿ 2007 ಎರಡು ಕಾರಣಕ್ಕೆ ನೆನಪಿಡಬೇಕಾದ ವರ್ಷ. ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಆಗಸ್ಟ್ ತಿಂಗಳಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಯಿತು. ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯಂತಹ ಊರುಗಳಿಗೆ ಜಿಲ್ಲಾ ಕಚೇರಿ ಹತ್ತಿರವಾಯಿತು, ಸಾರಾಯಿ ಅಂಗಡಿ ಇಲ್ಲವಾಯಿತು. ಕುಡಿತ ಮಾತ್ರ ಉಳಿಯಿತು. ಯಾಕೆ ಉಳಿಯಿತು ಎಂದು ಕೇಳಿಕೊಳ್ಳದೆ ಹೋದರೆ ಇತಿಹಾಸ ಓದಿ ಪ್ರಯೋಜನವಿಲ್ಲ.

ಅಂಗಡಿ ಮುಚ್ಚುವ ಪ್ರಯತ್ನ ನಮ್ಮಲ್ಲಿ ಹೊಸದೇನಲ್ಲ. ಮೈಸೂರು ಸಂಸ್ಥಾನ 1948ರಲ್ಲೇ ಪಾನನಿರೋಧ ಕಾಯ್ದೆ ತಂದಿತ್ತು. 1960ರ ದಶಕದ ಕೊನೆಗೆ ಪಾನನಿರೋಧ ಸಡಿಲವಾಯಿತು. ಮತ್ತೆ ಸಾರಾಯಿ ಹರಾಜು, ಗುತ್ತಿಗೆ, ಅಬಕಾರಿ ವರಮಾನ. ಗಡಿಯಾಚೆಯ ಆಂಧ್ರದಲ್ಲಿ 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಅಕ್ಷರ ಕಲಿಯಲು ಕೂತಲ್ಲಿಂದ ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಕಿಡಿ ರಾಜ್ಯಕ್ಕೆಲ್ಲ ಹಬ್ಬಿ 1993ರಲ್ಲಿ ಸಾರಾಯಿ ನಿಷೇಧವಾಯಿತು, 1995ರಲ್ಲಿ ಸಂಪೂರ್ಣ ಪಾನನಿಷೇಧ ಬಂತು. 1997ರಲ್ಲಿ ಅದೂ ಸಡಿಲವಾಯಿತು. ಒಂದು ಕಡೆ ಬರಿದಾದ ಖಜಾನೆ, ಇನ್ನೊಂದು ಕಡೆ ನೆರೆರಾಜ್ಯಗಳಿಂದ ನುಸುಳುವ ಮದ್ಯ. ಹಿಂದೂಪುರಕ್ಕೂ ಗೌರಿಬಿದನೂರಿಗೂ ನಡುವಿನ ಗಡಿ ನಕ್ಷೆಯ ಮೇಲಿದೆ. ಬಾಟಲಿಗೆ ಅದು ಕಾಣುವುದಿಲ್ಲ.

ಅಗ್ಗದ ಅಮಲಿನ ಬೆಲೆಯನ್ನು ಬಡವರೇ ತೆತ್ತಿದ್ದಾರೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ನಿಂತು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನಲ್ಲಿ ಕಳ್ಳಭಟ್ಟಿ 150ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಇಂತಹ ಮದ್ಯದಲ್ಲಿ ಸೇರಿಕೊಳ್ಳುವ ಮಿಥೈಲ್ ಆಲ್ಕೊಹಾಲು ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣು ಕಳೆಯುತ್ತದೆ, ಆಮೇಲೆ ಪ್ರಾಣ. ಅಂಗಡಿ ಮುಚ್ಚಿತ್ತು, ಆದರೆ ಕುಡಿಯುವವನ ಒಳಗಿನ ಕಾಯಿಲೆಗೆ ಯಾರೂ ಮದ್ದು ಕೊಟ್ಟಿರಲಿಲ್ಲ.

ಕಾಯಿಲೆ ಎಂಬ ಮಾತನ್ನು ನಾವು ಯೋಚಿಸಿಯೇ ಬಳಸುತ್ತಿದ್ದೇವೆ. ವರ್ಷಗಟ್ಟಲೆ ಕುಡಿದವನ ಮಿದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಥಟ್ಟನೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ, ಫಿಟ್ಸ್ ಬರಬಹುದು. ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಇಲ್ಲದ ದನಿ ಕೇಳುತ್ತದೆ. ಮನೆಯವರು ಜಿನ್ ಹಿಡಿದಿದೆ, ಗಾಳಿ ಸೋಕಿದೆ ಎನ್ನುತ್ತಾರೆ. ಸಕಾಲಕ್ಕೆ ಚಿಕಿತ್ಸೆ ಸಿಗದಿದ್ದರೆ ಈ ಸ್ಥಿತಿಯಲ್ಲಿ ಜೀವ ಹೋಗುವುದುಂಟು. ಆಸ್ಪತ್ರೆಗೆ ಸೇರಿಸಿದರೆ ಬಹುಪಾಲು ಜನ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೊರಗಿನಿಂದ ಕುಡಿತಕ್ಕೆ, ಕುಡಿತದಿಂದ ಮತ್ತಷ್ಟು ಕೊರಗಿಗೆ ಬೀಳುವವರೂ ಇದ್ದಾರೆ. ಅವರಿಗೆ ಎರಡಕ್ಕೂ ಒಟ್ಟಿಗೆ ಚಿಕಿತ್ಸೆಯಾಗಬೇಕು.

ಮುಸ್ಲಿಮರಾದ ನಮಗೆ ಇಲ್ಲಿ ಇನ್ನೊಂದು ತೊಡಕಿದೆ. ಶರಾಬು ಹರಾಮ್ ಎಂಬುದು ಮಗುವಿಗೂ ಗೊತ್ತು. ಅದಕ್ಕೇ ನಮ್ಮ ಮನೆಗಳಲ್ಲಿ ಕುಡಿತವನ್ನು ಮುಚ್ಚಿಡುತ್ತಾರೆ. ಮಗಳ ಮದುವೆ ತಪ್ಪೀತು, ಜಮಾಅತ್‌ನಲ್ಲಿ ತಲೆ ತಗ್ಗಿಸಬೇಕಾದೀತು ಎಂಬ ಭಯ. ಆದರೆ ಖುರ್‌ಆನ್ ಮದ್ಯವನ್ನು ಒಂದೇ ದಿನದಲ್ಲಿ ನಿಷೇಧಿಸಲಿಲ್ಲ. ಮೊದಲು ಅದರ ಕೇಡು ಲಾಭಕ್ಕಿಂತ ದೊಡ್ಡದೆಂಬ ತಿಳಿವಳಿಕೆ, ಬಳಿಕ ಅಮಲಿನಲ್ಲಿ ನಮಾಝಿಗೆ ನಿಲ್ಲಬಾರದೆಂಬ ಆಜ್ಞೆ, ಕೊನೆಗೆ ಪೂರ್ಣ ನಿಷೇಧ. ಮನುಷ್ಯನನ್ನು ಸಿದ್ಧಗೊಳಿಸುತ್ತಾ ಕರೆದೊಯ್ದ ದಾರಿ ಅದು.

ಮನೋರೋಗಿಗಳ ವಿಷಯದಲ್ಲೂ ನಮ್ಮ ಪರಂಪರೆ ಸಣ್ಣದಲ್ಲ. ಹತ್ತನೇ ಶತಮಾನದಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸಿನ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಜೊತೆಗಿಟ್ಟು ಬರೆದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಅಂತಹ ಪರಂಪರೆಯವರ ಕಣ್ಣೆದುರಿಗೇ ಏರ್ವಾಡಿ ದುರಂತ ನಡೆಯಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ದರ್ಗಾದ ಆಸುಪಾಸಿನ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸಂಕೋಲೆ ಹಾಕಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸಂಕೋಲೆ ಹಾಕುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ.

ಹಾಗೆಂದು ದರ್ಗಾಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ನಮ್ಮದೇ ಜಿಲ್ಲೆಯ ಚಿಂತಾಮಣಿ ತಾಲೂಕಿನ ಮುರುಗಮಲ್ಲಾ ದರ್ಗಾಕ್ಕೆ ಎಲ್ಲ ಧರ್ಮದವರೂ ನೆಮ್ಮದಿ ಅರಸಿ ಬರುತ್ತಾರೆ. ಬೇರೆಲ್ಲೂ ಬಾಯಿ ಬಿಡದ ಹೆಣ್ಣುಮಗಳು ಅಂತಹ ಕಡೆ ಅಳುತ್ತಾಳೆ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ 'ದವಾ-ದುಆ' ಎಂಬ ಕೆಲಸ ಶುರುವಾಯಿತು. ಅಲ್ಲಿ ಮುಜಾವರರು ದುಆ ಮಾಡಿ, ರೋಗಿಯನ್ನು ಮನೋವೈದ್ಯರ ಬಳಿಗೂ ಕಳಿಸುತ್ತಾರೆ. ಇದು ನಮ್ಮಲ್ಲೂ ಆಗದ ಮಾತಲ್ಲ.

ದವಾ ದೂರವೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಈ ಹೆಸರು ಪಡೆಯಿತು. ಅದರ ಬೇರು ಹತ್ತೊಂಬತ್ತನೇ ಶತಮಾನದ ಹುಚ್ಚಾಸ್ಪತ್ರೆಯಲ್ಲಿದೆ. 1980ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಮನೋಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನಿಗಳಲ್ಲಿ ನೂರಕ್ಕೆ 86 ಜನ ಚಿಕಿತ್ಸೆಯಿಂದ ಹೊರಗುಳಿದಿದ್ದರು. ಅವರಿಗೂ ಆಸ್ಪತ್ರೆಗೂ ನಡುವೆ ದಾರಿಯ ದೂರಕ್ಕಿಂತ ನಾಚಿಕೆಯ ಗೋಡೆಯೇ ದೊಡ್ಡದು.

ಆ ಗೋಡೆ ಒಡೆಯುವುದು ಸರ್ಕಾರವೊಂದರಿಂದಲೇ ಆಗುವ ಕೆಲಸವಲ್ಲ. ಜುಮಾ ಖುತ್ಬಾದಲ್ಲಿ ಕುಡಿತವನ್ನು ಖಂಡಿಸುವ ಮೌಲ್ವಿ ಸಾಹೇಬರು, ಕುಡುಕನನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ ಎಂದು ಒಂದು ಮಾತು ಸೇರಿಸಬಹುದು. ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹುಡುಗ ಸಂಬಳದ ದಿನ ಬಾಟಲಿಗೆ ಕೈ ಹಾಕುವ ಮೊದಲೇ ಮನಸ್ಸಿನ ಭಾರ ಹೇಳಿಕೊಳ್ಳಲು ಒಬ್ಬ ಅಣ್ಣ, ಒಬ್ಬ ಮೇಷ್ಟ್ರು ಸಿಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ದುಆ ಮಾಡುವ ಕೈಯೇ ಆ ನಂಬರನ್ನೂ ಒತ್ತಲಿ.